ಹಾಸನದಲ್ಲಿ ಕೌನ್ಸೆಲಿಂಗ್ ಮಾಡುವವರು ಸೂಪರ್‌ವಿಷನ್‌ಗೆ ಯಾರ ಹತ್ತಿರ ಹೋಗುತ್ತೀರಿ?

ಮಳೆಬಿಲ್ಲು (ಹಾಸನ) · ಭಾನುವಾರ ರಾತ್ರಿ 9.40

ತಿದ್ದಿದ್ದೇನೆ: ಇಲ್ಲಿ ಇನ್ನೊಂದು ಪ್ಯಾರಾ ಇತ್ತು, ತೆಗೆದೆ. ಯಾಕೆ ಅಂತ ಕೆಳಗೆ ಓದಿದರೆ ಗೊತ್ತಾಗುತ್ತದೆ.

ಎಲ್ಲರಿಗೂ ನಮಸ್ಕಾರ. ಎಂ.ಎಸ್‌ಸಿ. ಸೈಕಾಲಜಿ ಮುಗಿಸಿ, ಆಮೇಲೆ ಒಂದು ಡಿಪ್ಲೊಮಾ ಮಾಡಿ, ನಾಲ್ಕು ವರ್ಷದಿಂದ ಹಾಸನದಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ಮಹಡಿ ಮೇಲೆ ಒಂದು ರೂಮು, ಎರಡು ಖುರ್ಚಿ, ಕೆಳಗೆ ಝೆರಾಕ್ಸ್ ಅಂಗಡಿ. ವಾರಕ್ಕೆ ಹನ್ನೆರಡು ಹದಿನೈದು ಜನ ಬರುತ್ತಾರೆ.

ಓದುವಾಗ ಮೇಡಂ ಒಬ್ಬರು ಪ್ರತಿ ಶನಿವಾರ ಕೂರಿಸಿಕೊಂಡು ನಮ್ಮ ಕೇಸ್ ಕೇಳುತ್ತಿದ್ದರು. ಅದಕ್ಕೇ ಸೂಪರ್‌ವಿಷನ್ ಅನ್ನುವುದು. ಕೋರ್ಸ್ ಮುಗಿದ ದಿನವೇ ಅದೂ ಮುಗಿಯಿತು. ಆಮೇಲೆ ನನ್ನ ಕೆಲಸವನ್ನು ಯಾರೂ ನೋಡಿಲ್ಲ. ಯಾರಾದರೂ ಬರುವುದು ನಿಲ್ಲಿಸಿದರೆ ಅವರಿಗೆ ಗುಣವಾಯಿತೋ, ನನ್ನ ಮೇಲೆ ಬೇಜಾರಾಯಿತೋ, ಬಸ್ ಚಾರ್ಜಿಗೆ ದುಡ್ಡಿರಲಿಲ್ಲವೋ, ಗೊತ್ತಾಗುವುದೇ ಇಲ್ಲ.

2025ರ ಜೂನ್, ಜುಲೈ ನೆನಪಿದೆ ಅಲ್ವಾ? ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿತ್ತು. ಚಿಕ್ಕ ವಯಸ್ಸಿನವರ ಫೋಟೋ ತೋರಿಸುತ್ತಿದ್ದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಆ ಭಯವೇ ನನ್ನ ರೂಮಿಗೂ ಮೆಟ್ಟಿಲು ಹತ್ತಿ ಬಂತು. ಯಾರು ಕೂತರೂ ಎದೆಯ ಮಾತು. ಮೂರನೇ ವಾರಕ್ಕೆ ನನ್ನ ಎಡಗೈ ಜುಮ್ ಅನ್ನತೊಡಗಿತು. ಮನೆಯಲ್ಲಿ ಹೇಳದೆ ಹೋಗಿ ಇ.ಸಿ.ಜಿ. ಮಾಡಿಸಿದೆ. ಏನೂ ಇಲ್ಲ, ನಾರ್ಮಲ್. ಡಾಕ್ಟರು "ಏನಮ್ಮ ಕೆಲಸ ಮಾಡ್ತೀಯ?" ಅಂದರು. ನಾಚಿಕೆಯಾಗಿ "ಟೀಚರ್" ಅಂದೆ.

ಅವತ್ತಿನಿಂದ ಒಂದೇ ಯೋಚನೆ. ನಾಲ್ಕು ಜನರ ಮಾತು ಕೇಳುವ ನಾನು ನನ್ನ ಮಾತನ್ನು ಎಲ್ಲಿಗೆ ಒಯ್ಯಲಿ? ಹಾಸನ, ಚಿಕ್ಕಮಗಳೂರು ಕಡೆಯವರು ಹೇಗೆ ಮಾಡುತ್ತಿದ್ದೀರಿ, ದಯವಿಟ್ಟು ತಿಳಿಸಿ.

ತೋಟದ ಮನೆ (ಮೂಡಿಗೆರೆ) · ರಾತ್ರಿ 9.58

ನಾನು ಈ ಫೀಲ್ಡಿನವನಲ್ಲ, ಸುಮ್ನೆ ಓದುತ್ತಿದ್ದೆ. ನಮ್ಮ ಕಡೆ ಸೂಪರ್‌ವೈಸರ್ ಅಂದರೆ ತೋಟದಲ್ಲಿ ಕೊಡೆ ಹಿಡಿದು ನಿಂತು ಆಳು ಲೆಕ್ಕ ಹಾಕುವವನು. ನಿಮಗೂ ಅಂಥವನೊಬ್ಬ ಬೇಕಾ ತಾಯಿ?

ಬೇಲೂರಿನವಳು (ಈಗ ಬೆಂಗಳೂರು) · ರಾತ್ರಿ 10.15

ಮೊದಲು ಒಂದು ಕೆಲಸ ಮಾಡು ತಂಗಿ. ಐದನೇ ಪ್ಯಾರಾ ಈಗಲೇ ತೆಗೆದುಹಾಕು. ಹೆಸರು ಹಾಕಿಲ್ಲ, ನಿಜ. ಆದರೆ ಊರು ಇದೆ, ವ್ಯಾಪಾರ ಇದೆ, ಮಕ್ಕಳೆಷ್ಟು ಅಂತ ಇದೆ. ನಾನು ಬೇಲೂರು ಬಿಟ್ಟು ಇಪ್ಪತ್ತೆರಡು ವರ್ಷವಾಯಿತು. ನನಗೇ ಎರಡು ಮನೆ ನೆನಪಿಗೆ ಬಂದವು.

ಮಳೆಬಿಲ್ಲು · ರಾತ್ರಿ 10.21

ತೆಗೆದೆ ಅಕ್ಕ. ಕೈಕಾಲೇ ಆಡಲಿಲ್ಲ. ಇಷ್ಟು ವರ್ಷ ಒಬ್ಬರ ವಿಷಯವನ್ನೂ ಹೊರಗೆ ಬಿಟ್ಟವಳಲ್ಲ.

ಬೇಲೂರಿನವಳು · ರಾತ್ರಿ 10.50

ಗೊತ್ತು. ಅದಕ್ಕೇ ಬೈಯಲಿಲ್ಲ. ನಾಲ್ಕು ವರ್ಷ ಕಟ್ಟಿಟ್ಟ ನೀರು ಎಲ್ಲಿ ಬಿರುಕು ಸಿಕ್ಕರೆ ಅಲ್ಲಿ ಹರಿಯುತ್ತದೆ. ಇವತ್ತು ಇಲ್ಲಿ ಹರಿಯಿತು. ಕೆಲವರಿಗೆ ಗಂಡನ ಮುಂದೆ, ಕೆಲವರಿಗೆ ಮದುವೆ ಮನೆಯ ಪಂಕ್ತಿಯಲ್ಲಿ ಹರಿಯುತ್ತದೆ. ಹರಿಯಲಿಕ್ಕೆ ಒಂದು ಸರಿಯಾದ ಜಾಗ ಬೇಕು, ಅಷ್ಟೇ.

ಮೂಡಿಗೆರೆ ಅಣ್ಣನ ಪ್ರಶ್ನೆ ತಮಾಷೆಯದಾದರೂ ಉತ್ತರ ಹೇಳಬೇಕಾದದ್ದೇ. ನಮ್ಮ ಸೂಪರ್‌ವೈಸರ್ ಮೇಲಧಿಕಾರಿ ಅಲ್ಲ. ನಾವೇ ದುಡ್ಡು ಕೊಟ್ಟು, ನಾವೇ ಹುಡುಕಿಕೊಂಡು ಹೋಗುವವರು. ಹೆಚ್ಚು ವರ್ಷ ಕೆಲಸ ಮಾಡಿದ, ಈ ಕೇಳುವ ಕೆಲಸವನ್ನೂ ಕಲಿತ ಒಬ್ಬರ ಮುಂದೆ ತಿಂಗಳಿಗೊಮ್ಮೆಯೋ ಎರಡು ಸಲವೋ ಕೂತು ನಮ್ಮ ಕೇಸ್ ಬಿಚ್ಚಿಡುತ್ತೇವೆ. ಹೊಸ ಪದ್ಧತಿಯೂ ಅಲ್ಲ. 1920ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ಐಟಿಂಗಾನ್ ಮತ್ತು ಜೊತೆಯವರು ಮನೋವಿಶ್ಲೇಷಣೆಯ ಚಿಕಿತ್ಸಾಲಯ ತೆರೆದಾಗಲೇ, ಕಲಿಯುವವರು ತಮ್ಮ ಕೇಸನ್ನು ಹಿರಿಯರ ಮುಂದೆ ಇಡಬೇಕು ಅನ್ನುವ ಪದ್ಧತಿ ಬೆಳೆಯಿತು.

ಕೌನ್ಸೆಲಿಂಗ್ ಕಲಿಸುತ್ತಿದ್ದ ಬ್ರಿಟನ್ನಿನ ಬ್ರಿಜಿಡ್ ಪ್ರಾಕ್ಟರ್ ಸೂಪರ್‌ವಿಷನ್‌ಗೆ ಮೂರು ಕೆಲಸ ಹೇಳಿದ್ದಾರೆ. ಬಂದವರಿಗೆ ಅನ್ಯಾಯವಾಗದಂತೆ ನೋಡುವುದು ಒಂದು. ನಮ್ಮ ಕೈ ಪಳಗಿಸುವುದು ಇನ್ನೊಂದು. ಮೂರನೆಯದು, ಕೇಳಿ ಕೇಳಿ ದಣಿದ ನಮ್ಮನ್ನು ಮತ್ತೆ ಎದ್ದು ನಿಲ್ಲುವಂತೆ ಮಾಡುವುದು. ಮೊದಲೆರಡಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಮೂರನೆಯದನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. "ನಿಂಗೇ ತಡೆಯೋಕಾಗ್ದಿದ್ರೆ ಬೇರೆಯೋರಿಗೇನು ಹೇಳ್ತೀಯ" ಅಂತಾರೆ.

ನಿನ್ನ ಇ.ಸಿ.ಜಿ. ಕಥೆಗೆ ಬರುತ್ತೇನೆ. ನಿನ್ನ ಹತ್ತಿರ ಬರುವವರು ಮನೆಯಲ್ಲಿ ಹೇಳದೆ, ಮಾರ್ಕೆಟ್ಟಿಗೆ ಅಂತ ಸುಳ್ಳು ಹೇಳಿ ಬರುತ್ತಾರೆ ಅಲ್ವಾ? ನೀನೂ ಹಾಗೇ ಹೋದೆ. ಕೆಲಸದ ಹೆಸರನ್ನೂ ಬಚ್ಚಿಟ್ಟೆ. ಈಗ ನಿನ್ನ ಪೋಸ್ಟ್ ಓದಿ ನಾನೂ ಒಂದು ಸಲ ಎದೆ ಮುಟ್ಟಿ ನೋಡಿಕೊಂಡೆ! ಅಮೆರಿಕದ ಮನೋವಿಶ್ಲೇಷಕ ಹೆರಾಲ್ಡ್ ಸರ್ಲ್ಸ್ 1955ರಲ್ಲೇ ಇದನ್ನು ಬರೆದಿದ್ದಾರೆ. ಕ್ಲೈಂಟ್ ರೂಮಿನಲ್ಲಿ ಆದದ್ದು ಸೂಪರ್‌ವೈಸರ್ ರೂಮಿನಲ್ಲೂ ಇನ್ನೊಂದು ವೇಷ ಹಾಕಿಕೊಂಡು ಬರುತ್ತದೆ. ನೀನು ಕೈಲಾಗದವಳು ಅಂತಲ್ಲ. ಅದು ಕೇಸಿನ ಬಗ್ಗೆ ಸುದ್ದಿ ಹೇಳುತ್ತಿದೆ. ಆದರೆ ಆ ಸುದ್ದಿ ಓದಲಿಕ್ಕೆ ಇನ್ನೊಬ್ಬರು ಬೇಕು. ಒಬ್ಬಳೇ ಇದ್ದರೆ ಅದು ಎದೆನೋವಾಗಿಯೇ ಉಳಿಯುತ್ತದೆ.

ಕೇಳೋಣ ಹೇಳಿ (ಚನ್ನರಾಯಪಟ್ಟಣ) · ಸೋಮವಾರ ಬೆಳಗ್ಗೆ 7.10

ತಪ್ಪು ತಿಳಿಯಬೇಡಿ. ಕೌನ್ಸೆಲರ್‌ಗೆ ಒಬ್ಬ ಕೌನ್ಸೆಲರ್, ಅವರಿಗೆ ಇನ್ನೊಬ್ಬರು, ಅವರಿಗೆ ಮತ್ತೊಬ್ಬರು. ಚೈನ್ ಸ್ಕೀಮ್ ಥರ ಕಾಣುತ್ತದೆ. ಕೊನೆಗೆ ದುಡ್ಡೆಲ್ಲಾ ಕ್ಲೈಂಟ್ ಫೀಸಿನಿಂದಲೇ ಅಲ್ವಾ ಹೋಗೋದು? ಮಗ್ಗದವನಿಗೆ, ಮೇಷ್ಟ್ರಿಗೆ ಇಲ್ಲದ್ದು ನಿಮಗೇ ಯಾಕೆ?

ಕಾಫಿ ಹೂವು (ಚಿಕ್ಕಮಗಳೂರು) · ಬೆಳಗ್ಗೆ 8.30

ಚನ್ನರಾಯಪಟ್ಟಣದ ಸರ್, ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಕೋಚ್‌ಗಳಿಗೇ ಕೋಚಿಂಗ್ ಮಾರಿ ಬದುಕುವವರನ್ನು ನಾನೂ ನೋಡಿದ್ದೇನೆ. ಇನ್ನರ್ಧ ಹೇಳುತ್ತೇನೆ. ಮಗ್ಗದವನ ತಪ್ಪು ಬಟ್ಟೆಯಲ್ಲಿ ಕಾಣುತ್ತದೆ. ನಮ್ಮ ತಪ್ಪು ಬಾಗಿಲು ಮುಚ್ಚಿದ ರೂಮಿನಲ್ಲಿ ಆಗುತ್ತದೆ. ಅದನ್ನು ನೋಡಿದ ಇನ್ನೊಬ್ಬ ಮನುಷ್ಯ ಅಂದರೆ ನೊಂದು ಬಂದವನು ಮಾತ್ರ.

ನಾನು ಥೆರಪಿಸ್ಟ್ ಅಲ್ಲ, ಕೋಚ್. ಜನ ತಮ್ಮ ಗುರಿ ತಾವೇ ಕಂಡುಕೊಂಡು ಮುಟ್ಟಲು ಜೊತೆ ಕೊಡುವವನು. ಊರಲ್ಲಿ ಕೋಚ್ ಅಂದರೆ ಟ್ಯೂಷನ್ ಮೇಷ್ಟ್ರು ಅಂದುಕೊಳ್ಳುತ್ತಾರೆ, ಅದಿರಲಿ. ಐಸಿಎಫ್ (ಕೋಚ್‌ಗಳ ಅಂತಾರಾಷ್ಟ್ರೀಯ ಸಂಘ) ಸರ್ಟಿಫಿಕೇಟಿಗೆ ಅಂತ ಕನಿಷ್ಠ ಮೂರು ತಿಂಗಳಲ್ಲಿ ಹರಡಿಕೊಂಡ 10 ಗಂಟೆ ಮೆಂಟರ್ ಕೋಚಿಂಗ್ ಮಾಡಿಸಿಕೊಂಡೆ. ಅದನ್ನೇ ಸೂಪರ್‌ವಿಷನ್ ಅಂದುಕೊಂಡಿದ್ದೆ. ಎರಡೂ ಬೇರೆ. ಮೆಂಟರ್ ನೋಡುವುದು ನಾನು ಪ್ರಶ್ನೆ ಕೇಳುವ ರೀತಿ ಸರಿಯಿದೆಯಾ ಅಂತ. ಸೂಪರ್‌ವೈಸರ್ ಕೇಳುವುದು ಆ ಪ್ರಶ್ನೆ ಕೇಳುವಾಗ ನನಗೇನಾಗಿತ್ತು ಅಂತ. ಯುರೋಪಿನ ಕೋಚ್‌ಗಳ ಸಂಘ ಇಎಂಸಿಸಿಯಲ್ಲಿ ಪ್ರತಿ 35 ಗಂಟೆ ಕೋಚಿಂಗ್‌ಗೆ ಒಂದು ಗಂಟೆ ಸೂಪರ್‌ವಿಷನ್ ಅಂತ ಲೆಕ್ಕ ಇಟ್ಟಿದ್ದಾರೆ. ನಾನು ಮೂರು ವರ್ಷ ಸೊನ್ನೆ.

ಒಂದು ಸಲ ಒಬ್ಬರು (ವಿವರ ಹೇಳುವುದಿಲ್ಲ, ಅಕ್ಕ ಬೈಯುತ್ತಾರೆ) ನಾಲ್ಕನೇ ಸೆಷನ್‌ನಲ್ಲಿ "ಇದೆಲ್ಲಾ ಮಾಡಿ ಯಾರಿಗೆ ಬೇಕು ಸರ್, ನಾನೇ ಇಲ್ದಿದ್ರೆ ಎಲ್ಲರಿಗೂ ಹಗುರ" ಅಂದರು. ನಾನು ಏನು ಮಾಡಿದೆ ಗೊತ್ತಾ? ಮುಂದಿನ ಮೂರು ತಿಂಗಳ ಗುರಿ ಬರೆಯಿಸಿದೆ. ಅಚ್ಚುಕಟ್ಟಾಗಿ. ಮನೆಗೆ ಬಂದು ಊಟ ಮಾಡುವಾಗ ಆ ಮಾತು ಗಂಟಲಲ್ಲಿ ಸಿಕ್ಕಿತು. ಆ ರಾತ್ರಿಯೇ ಪರಿಚಯದ ಒಬ್ಬ ಹಿರಿಯರಿಗೆ ಫೋನ್ ಮಾಡಿದೆ. ಅವರು ಹೇಳಿಕೊಟ್ಟಂತೆ ಕ್ಲೈಂಟ್‌ಗೆ ಕರೆ ಮಾಡಿ, ಸುತ್ತುಬಳಸದೆ, ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿದೆ. ಬರುತ್ತಿತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಕೊಟ್ಟು, ಮನೆಯವರನ್ನು ಜೊತೆಗೆ ಸೇರಿಸಿಕೊಂಡು, ಮರುದಿನ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸಿದೆವು. ಈಗ ಆರಾಮಾಗಿದ್ದಾರೆ. ಆ ಹಿರಿಯರೇ ಇವತ್ತಿಗೂ ನನ್ನ ಸೂಪರ್‌ವೈಸರ್. ಗಂಟೆಗೆ 1500 ಕೊಡುತ್ತೇನೆ. ಕ್ಲೈಂಟ್ ಫೀಸಿನಿಂದಲೇ, ಹೌದು.

ಕೇಳೋಣ ಹೇಳಿ · ಬೆಳಗ್ಗೆ 8.47

ಸರಿ ಸರ್. ಒಪ್ಪಿದೆ.

ತೆಂಗಿನ ಸೀಮೆ (ಅರಸೀಕೆರೆ) · ಮಧ್ಯಾಹ್ನ 1.20

ನಮ್ಮಲ್ಲಿ "ಸೂಪರ್‌ವಿಷನ್ ಇದೆ" ಅಂತಲೇ ಕೆಲಸಕ್ಕೆ ಸೇರಿಸಿಕೊಂಡರು. ಒಂದು ಸಂಸ್ಥೆ, ಹೆಸರು ಬೇಡ. ಪ್ರತಿ ತಿಂಗಳು 5ಕ್ಕೆ ಕೋಆರ್ಡಿನೇಟರ್ ಜೊತೆ ಮೀಟಿಂಗ್. ಎಷ್ಟು ಕೇಸ್, ಎಷ್ಟು ಫಾಲೋಅಪ್, ಎಷ್ಟು ಕ್ಲೋಸ್. ಒಂದು ಸಲ ಧೈರ್ಯ ಮಾಡಿ "ಈ ಹುಡುಗಿ ಹತ್ತಿರ ನಂಗೆ ಕೋಪ ಬರ್ತಿದೆ ಮೇಡಂ, ಯಾಕೋ ಗೊತ್ತಾಗ್ತಿಲ್ಲ" ಅಂದೆ. ಮುಂದಿನ ತಿಂಗಳು ನನ್ನ ಕಾಂಟ್ರ್ಯಾಕ್ಟ್ ರಿನ್ಯೂ ಮಾಡುವಾಗ ಅದೇ ಮಾತು ನನ್ನ ಫೈಲಿನಲ್ಲಿತ್ತು. ಅಲ್ಲಿಂದ ನಾನು ಬಾಯಿ ಬಿಟ್ಟಿಲ್ಲ. ಎಲ್ಲಾ ಕೇಸೂ "ಇಂಪ್ರೂವ್ಡ್".

ನಿಮ್ಮ ಸಂಬಳ ಬರೆಯುವವರೇ ನಿಮ್ಮ ಸೂಪರ್‌ವೈಸರ್ ಆದರೆ ತಪ್ಪು ಬಚ್ಚಿಡುವುದನ್ನೇ ಕಲಿಯುತ್ತೀರಿ. ಮೂಡಿಗೆರೆ ಅಣ್ಣ ಹೇಳಿದ ಕೊಡೆ ನಮ್ಮಲ್ಲಿದೆ. ನೆರಳು ಮಾತ್ರ ನಮಗಲ್ಲ.

ಹೆಸರು ಬೇಡ · ಸಂಜೆ 6.05

ನಾನು ಕೌನ್ಸೆಲರ್ ಅಲ್ಲ. ಕೌನ್ಸೆಲಿಂಗ್‌ಗೆ ಹೋಗುವವಳು. ಇಡೀ ಚರ್ಚೆ ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು. ನಾನು ಅಮ್ಮನಿಗೂ ಹೇಳದ ಮಾತು ಆ ರೂಮಿನಲ್ಲಿ ಹೇಳಿದ್ದೇನೆ. ನೀವು ಅದನ್ನು ಮೂರನೆಯವರ ಮುಂದೆ ಬಿಚ್ಚಿಡುತ್ತೀರಾ? ದುಡ್ಡು ಕೊಟ್ಟು? "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ" ಅಂತ ಮೊದಲ ದಿನ ಹೇಳಿದ್ದು ಸುಳ್ಳಾ?

ಮಳೆಬಿಲ್ಲು · ಸಂಜೆ 6.30

ನಿಮ್ಮ ಮಾತಿಗೆ ನನ್ನ ಹತ್ತಿರ ತಕ್ಷಣ ಉತ್ತರ ಇಲ್ಲ. ನಾನೂ ಎಲ್ಲರಿಗೂ ಅದೇ ಮಾತು ಹೇಳಿದ್ದೇನೆ. ನಿಮ್ಮ ಬೇಜಾರು ನ್ಯಾಯವಾದದ್ದು.

ಬೇಲೂರಿನವಳು · ರಾತ್ರಿ 9.15

ಇಡೀ ಚರ್ಚೆಯಲ್ಲಿ ಮುಖ್ಯವಾದ ಪ್ರಶ್ನೆ ಇದು. ಕೇಳಿದವರು ನಮ್ಮಲ್ಲೊಬ್ಬರಲ್ಲ ಅನ್ನುವುದು ನಮಗೇ ನಾಚಿಕೆ.

"ಇಲ್ಲಿ ಹೇಳಿದ್ದು ಇಲ್ಲೇ" ಅನ್ನುವ ಮಾತು ಪೂರ್ತಿ ನಿಜ ಆಗಿರಲು ಸಾಧ್ಯವೇ ಇಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಮಾನಸಿಕ ಕಾಯಿಲೆ ಇರುವವರಿಗೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಯಾವಾಗ ಗೋಪ್ಯತೆ ಬಿಟ್ಟು ಹೇಳಬಹುದು ಅಂತಲೂ ಅಲ್ಲೇ ಇದೆ. ಜೀವಕ್ಕೆ ಅಪಾಯ ಇದ್ದಾಗ ಹೇಳಬಹುದು. ಆರೈಕೆಗೆ ಬೇಕಾದರೆ ಇನ್ನೊಬ್ಬ ಆರೋಗ್ಯ ವೃತ್ತಿಪರರಿಗೆ ಹೇಳಬಹುದು. ಆದರೆ ಕಾಯ್ದೆಯ ಹಿಂದೆ ಅಡಗಿಕೊಳ್ಳುವುದು ನನಗಿಷ್ಟವಿಲ್ಲ. ಮೊದಲ ದಿನವೇ ಹೇಳಿಬಿಡಬೇಕು. ನಾನು ಹೇಳುವುದು ಹೀಗೆ: "ನಾನು ಸರಿಯಾಗಿ ಕೆಲಸ ಮಾಡ್ತಿದ್ದೀನಾ ಅಂತ ನೋಡೋಕೆ ಒಬ್ಬ ಹಿರಿಯರಿದ್ದಾರೆ. ಅವರ ಹತ್ತಿರ ನನ್ನ ಕೆಲಸದ ಬಗ್ಗೆ ಮಾತಾಡ್ತೀನಿ. ನಿಮ್ಮ ಹೆಸರು, ಊರು, ಮನೆತನ ಹೇಳಲ್ಲ. ಅವರೂ ಹೊರಗೆ ಹೇಳುವ ಹಾಗಿಲ್ಲ. ನಿಮಗೆ ಒಪ್ಪಿಗೆಯಾ?" ರೆಕಾರ್ಡ್ ಮಾಡುವುದಾದರೆ ಅದಕ್ಕೆ ಬೇರೆ ಒಪ್ಪಿಗೆ, ಬರಹದಲ್ಲಿ.

ಇನ್ನೊಂದು ಮಾತು. ಅಲ್ಲಿ ಮುಖ್ಯವಾಗಿ ಬಿಚ್ಚಿಡುವುದು ನಿಮ್ಮನ್ನಲ್ಲ ಅಮ್ಮ, ನಮ್ಮನ್ನು. ನೀವು ಅತ್ತಾಗ ನಾನ್ಯಾಕೆ ಗಡಿಯಾರ ನೋಡಿದೆ ಅನ್ನುವುದನ್ನು.

ಹೆಸರು ಬೇಡ · ರಾತ್ರಿ 9.52

ಕೇಳಿದ್ದರೆ ನಾನು ಒಪ್ಪುತ್ತಿದ್ದೆ. ಕೇಳಲಿಲ್ಲ, ಅದೇ ಬೇಜಾರು. ಆ ಹಿರಿಯರು ಯಾವ ಊರಿನವರು ಅಂತ ಕೇಳಬಹುದಾ?

ಬೇಲೂರಿನವಳು · ರಾತ್ರಿ 9.55

ಕೇಳಬಹುದು. ಕೇಳಲೇಬೇಕು.

ಬಿಸಿಲೆ ಮಳೆ (ಸಕಲೇಶಪುರ) · ಮಂಗಳವಾರ ಬೆಳಗ್ಗೆ 6.40

ಊರಿನ ಪ್ರಶ್ನೆ ಬಂತಲ್ಲ, ಅದನ್ನೇ ಹೇಳಲು ಕೂತೆ. ನಮ್ಮ ಜಿಲ್ಲೆಯಲ್ಲಿ "ನಿಮ್ಮ ಮನೆ ಯಾವ ಕಡೆ?" ಅಂತ ಎರಡು ಪ್ರಶ್ನೆ ಕೇಳಿದರೆ ಮೂರನೆಯದಕ್ಕೆ ನೆಂಟಸ್ತನ ಸಿಗುತ್ತದೆ. ನನ್ನ ಕ್ಲೈಂಟ್ ಒಬ್ಬರು ಹಾಸನಾಂಬೆ ದರ್ಶನದ ಸಾಲಿನಲ್ಲಿ ನನ್ನ ಮುಂದೆಯೇ ಎರಡು ಗಂಟೆ ನಿಂತಿದ್ದರು. ಇಬ್ಬರೂ ಗುರುತಿಲ್ಲದವರಂತೆ ನಿಂತೆವು. ಹೀಗಿರುವಾಗ ಇದೇ ಊರಿನ ಸೂಪರ್‌ವೈಸರ್ ಆದರೆ ಹೆಸರು ತೆಗೆದರೂ ಕೇಸ್ ಗುರುತು ಹತ್ತುತ್ತದೆ. ಆದ್ದರಿಂದ ಊರಾಚೆಯವರೇ ಬೇಕು ಅಂತ ನನ್ನ ಅಭಿಪ್ರಾಯ.

ಆದರೆ ತೀರಾ ಆಚೆಯವರಾದರೆ ಇನ್ನೊಂದು ಫಜೀತಿ. ಮೊದಲು ದೊಡ್ಡ ಊರಿನವರೊಬ್ಬರ ಹತ್ತಿರ ಆನ್‌ಲೈನ್‌ನಲ್ಲಿ ಹೋಗುತ್ತಿದ್ದೆ. ಒಳ್ಳೆಯವರೇ. ಬೆಳಗ್ಗೆ ತೋಟಕ್ಕೆ ನಡೆದು ಹೋಗಲು ಹೆದರುವ ಒಬ್ಬರ ಬಗ್ಗೆ ಹೇಳಿದೆ, ಆನೆ ಭಯ ಅಂತ. ಅವರು ತುಂಬಾ ಶ್ರದ್ಧೆಯಿಂದ ಎಕ್ಸ್‌ಪೋಷರ್ ಪ್ಲಾನ್ ಹಾಕಿಕೊಟ್ಟರು, ಹೆದರಿಕೆಯ ವಸ್ತುವಿಗೆ ಸ್ವಲ್ಪಸ್ವಲ್ಪವೇ ಹತ್ತಿರ ಹೋಗುವುದು. ಮೊದಲು ಆನೆ ಫೋಟೋ, ಆಮೇಲೆ ವಿಡಿಯೋ, ಆಮೇಲೆ ದಿನಾ ಐವತ್ತು ಹೆಜ್ಜೆ. ಮೇಡಂ, ಇಲ್ಲಿ ಆನೆ ನಿಜವಾಗಿ ಇದೆ! ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ. ಆ ಭಯ ಕಾಯಿಲೆಯಲ್ಲ, ಬುದ್ಧಿ. ಕೆಲಸ ಮಾಡಬೇಕಿದ್ದದ್ದು ರಾತ್ರಿ ಬಾಗಿಲು ಹಾಕಿದ ಮೇಲೂ ಬಿಡದ ಭಯದ ಮೇಲೆ.

ಭಾಷೆಯೂ ಅಷ್ಟೇ. ಕ್ಲೈಂಟ್ "ಜೀವಕ್ಕೆ ಬೇಸರ ಆಗಿದೆ" ಅನ್ನುತ್ತಾರೆ. ನಾನು ಇಂಗ್ಲಿಷಿಗೆ ತಿರುಗಿಸಿ "ಲೋ ಮೂಡ್" ಅಂತ ಹೇಳುತ್ತಿದ್ದೆ. "ಹಚ್ಚಿಕೊಂಡಿದ್ದೀನಿ" ಅನ್ನುವುದಕ್ಕೆ ಏನು ಹೇಳಲಿ? ಪ್ರೀತಿನೂ ಅದೇ, ಕೊರಗೂ ಅದೇ. ಅರ್ಧ ಸೆಷನ್ ಅನುವಾದದಲ್ಲೇ ಮುಗಿಯುತ್ತಿತ್ತು. ಕನ್ನಡ ಗೊತ್ತಿರುವ, ಮಲೆನಾಡು ಕಂಡಿರುವ, ಆದರೆ ನಮ್ಮ ನೆಂಟರಲ್ಲದವರು ಬೇಕು. ಹುಡುಕಿದರೆ ಸಿಗುತ್ತಾರೆ.

ಈಗ ನಾವು ನಾಲ್ಕು ಜನ ಹಾಸನದಲ್ಲಿ ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಖರ್ಚು ಕಾಫಿಯದ್ದು ಮಾತ್ರ. ನಿಜ ಹೇಳಬೇಕೆಂದರೆ ಮೊದಲ ಮೂರು ತಿಂಗಳು ಹಾಳಾಯಿತು. ಕೇಸ್ ಹೋಗಿ ಕಥೆಯಾಯಿತು, ಕಥೆ ಹೋಗಿ ಹರಟೆಯಾಯಿತು. ಒಬ್ಬರು ಹೇಳಲು ಶುರುಮಾಡಿದರೆ ಮೂವರೂ "ಹೀಗೆ ಮಾಡು, ಹಾಗೆ ಮಾಡು". ಆಮೇಲೆ ಬ್ಯಾಲಿಂಟ್ ಗುಂಪಿನ ಪದ್ಧತಿ ಹಿಡಿದೆವು. ಮೈಕೆಲ್ ಮತ್ತು ಎನಿಡ್ ಬ್ಯಾಲಿಂಟ್ 1950ರ ದಶಕದಲ್ಲಿ ಲಂಡನ್ನಿನ ಡಾಕ್ಟರುಗಳಿಗೆ ಶುರುಮಾಡಿದ್ದು. ಒಬ್ಬರು ಕೇಸ್ ಹೇಳುತ್ತಾರೆ, ಕಾಗದ ನೋಡದೆ. ಹೇಳಿಯಾದ ಮೇಲೆ ಖುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಸುಮ್ನೆ ಕೂರುತ್ತಾರೆ. ಉಳಿದವರು ತಮ್ಮೊಳಗೆ ಮಾತಾಡಿಕೊಳ್ಳುತ್ತಾರೆ: ಆ ಕ್ಲೈಂಟ್ ಆಗಿದ್ದರೆ ನನಗೇನನ್ನಿಸುತ್ತಿತ್ತು, ಕೇಳುವಾಗ ನನಗೆ ಎಲ್ಲಿ ನಿದ್ದೆ ಬಂತು. ಸಲಹೆ ಕೊಡುವ ಹಾಗಿಲ್ಲ. ಬಾಯಿಮುಚ್ಚಿ ಕೂರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ನಾವು ಕ್ಲೈಂಟ್‌ಗಳ ಜೊತೆಯೂ ಅಷ್ಟೇ ಮಾತಾಡುತ್ತಿದ್ದೆವೇನೋ!

ಗುಂಪು ಸಾಕಾ ಅಂದರೆ, ಸಾಲದು. ನಾಲ್ವರಿಗೂ ಒಂದೇ ಕುರುಡು ಇದ್ದರೆ ಯಾರಿಗೂ ಕಾಣುವುದಿಲ್ಲ. ಒಬ್ಬ ಹಿರಿಯರ ಜೊತೆಗೆ ಇದೂ ಇರಲಿ.

ಕಾಫಿ ಹೂವು · ಬೆಳಗ್ಗೆ 7.30

ಆನೆ ಫೋಟೋ 😂

ಮಳೆಬಿಲ್ಲು · ಬೆಳಗ್ಗೆ 7.45

ನಗುತ್ತಲೇ ಓದಿದೆ. ಅಕ್ಕ, ಒಂದು ಪ್ರಶ್ನೆ. ಸೂಪರ್‌ವೈಸರ್ ಸರಿಯಾದವರಾ ಅಂತ ಹೇಗೆ ತಿಳಿಯುವುದು? ಬೋರ್ಡ್ ಹಾಕಿದವರೆಲ್ಲ ಸೂಪರ್‌ವೈಸರ್ ಆದರೆ?

ಬೇಲೂರಿನವಳು · ಮಧ್ಯಾಹ್ನ 2.05

ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಕೇಳು. ಎಂ.ಫಿಲ್ ಎರಡು ವರ್ಷ ಅವರು ಸೂಪರ್‌ವಿಷನ್‌ನಲ್ಲೇ ಬೆಂದಿರುತ್ತಾರೆ. ಕೌನ್ಸೆಲರ್‌ಗಳನ್ನು 2021ರ ಅಲೈಡ್ ಆ್ಯಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯ ಪಟ್ಟಿಯಲ್ಲಿ ಸೇರಿಸಿದ್ದಾರೆ. ಆದರೆ ಸರ್ಟಿಫಿಕೇಟ್ ನೋಡಿದರೆ ಅರ್ಧ ಮಾತ್ರ ಗೊತ್ತಾಗುತ್ತದೆ. ನಾನು ಕೇಳುವ ಪ್ರಶ್ನೆ ಒಂದೇ: "ನೀವು ಯಾರ ಹತ್ತಿರ ಹೋಗುತ್ತೀರಿ?" ನನಗೆ ಅದರ ಅಗತ್ಯ ಇಲ್ಲ ಅಂದವರ ಹತ್ತಿರ ಹೋಗಬೇಡ. ನಾನು ಇಪ್ಪತ್ತು ವರ್ಷದಿಂದ ಹೋಗುತ್ತಿದ್ದೇನೆ. ಬ್ರಿಟನ್ನಿನ ಕೌನ್ಸೆಲರ್‌ಗಳ ಸಂಘ ಬಿಎಸಿಪಿಯಲ್ಲಿ ಕೆಲಸ ಮಾಡುತ್ತಿರುವ ಸದಸ್ಯರಿಗೆ, ಎಷ್ಟೇ ಹಿರಿಯರಾಗಲಿ, ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಅಂತ ಇದೆ. ಹಿರಿತನಕ್ಕೆ ವಿನಾಯಿತಿ ಇಲ್ಲ ಅನ್ನುವುದು ನನಗೆ ಇಷ್ಟ.

ಮೊದಲ ಸಲ ಹೋಗುವಾಗ ಚೆನ್ನಾಗಿ ಆದ ಕೇಸ್ ಒಯ್ಯಬೇಡ. ಎಲ್ಲರೂ ಅದನ್ನೇ ಒಯ್ಯುತ್ತಾರೆ.

ಮಳೆಬಿಲ್ಲು · ಏಳು ವಾರದ ನಂತರ, ಶನಿವಾರ ರಾತ್ರಿ 10.05

ಹೇಗಾಯಿತು ಅಂತ ಇನ್‌ಬಾಕ್ಸ್‌ನಲ್ಲಿ ಕೆಲವರು ಕೇಳಿದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳೂರಿನವರೊಬ್ಬರು ಸಿಕ್ಕಿದ್ದಾರೆ. ಹದಿನೈದು ದಿನಕ್ಕೊಮ್ಮೆ ವಿಡಿಯೋದಲ್ಲಿ, ಮೂರು ತಿಂಗಳಿಗೊಮ್ಮೆ ನಾನೇ ಘಾಟಿ ಇಳಿದು ಹೋಗುವುದು ಅಂತ ಮಾತಾಗಿದೆ. ಕನ್ನಡದಲ್ಲೇ ಮಾತು. ಅವರ "ಎಂತ ಆಯ್ತು?" ಕೇಳಿದರೆ ನನಗೆ ಅರ್ಧ ಭಾರ ಇಳಿಯುತ್ತದೆ.

ಅಕ್ಕ, ನೀವು ಬೇಡ ಅಂದರೂ ಮೊದಲ ಸಲ ಚೆನ್ನಾದ ಕೇಸನ್ನೇ ಒಯ್ದೆ. ಅವರು ಪೂರ್ತಿ ಕೇಳಿ, "ತುಂಬಾ ಒಳ್ಳೆದಾಯ್ತು. ಇದರಲ್ಲಿ ನಾನು ಎಂತ ಮಾಡ್ಬೇಕು?" ಅಂದರು. ನನಗೆ ಮಾತೇ ಬರಲಿಲ್ಲ.

ಎರಡನೇ ಸಲ ಒಬ್ಬರ ಒಪ್ಪಿಗೆ ಬರೆಸಿಕೊಂಡು ರೆಕಾರ್ಡಿಂಗ್ ಒಯ್ದೆ. ಬರೀ ಹತ್ತು ನಿಮಿಷದ್ದು. ನನ್ನ ದನಿ ನಾನೇ ಕೇಳುವುದು ಹಿಂಸೆ. ಕ್ಲೈಂಟ್ "ರಾತ್ರಿ ಮಲಗಿದ್ರೆ ಬೆಳಗ್ಗೆ ಏಳ್ತೀನೋ ಇಲ್ವೋ ಅನ್ಸುತ್ತೆ" ಅನ್ನುತ್ತಾರೆ. ಮಾತು ಮುಗಿಯುವ ಮೊದಲೇ ನನ್ನ ದನಿ: "ನೀರು ಕುಡೀತೀರಾ?" ಹತ್ತು ನಿಮಿಷದಲ್ಲಿ ಮೂರು ಸಲ ನೀರು ಕೇಳಿದ್ದೇನೆ. ಅವರು ಒಂದು ಸಲವೂ ಬಾಯಾರಿದೆ ಅಂದಿಲ್ಲ. ಸೂಪರ್‌ವೈಸರ್ ರೆಕಾರ್ಡಿಂಗ್ ನಿಲ್ಲಿಸಿ, "ಬಾಯಾರಿದ್ದು ಯಾರಿಗೆ?" ಅಂತ ಕೇಳಿದರು. ನನ್ನಪ್ಪ ನಿದ್ದೆಯಲ್ಲೇ ಹೋದವರು. ಆ ವಿಷಯ ನಾಲ್ಕು ವರ್ಷದಲ್ಲಿ ಮೊದಲ ಸಲ ಹೇಳಿದೆ. ಅವರು ಸ್ವಲ್ಪ ಹೊತ್ತು ಕೇಳಿ, "ಇದಕ್ಕೆ ನೀವೇ ಒಬ್ಬ ಥೆರಪಿಸ್ಟ್ ಹತ್ತಿರ ಹೋಗಿ, ಇಲ್ಲಿ ಕೇಸಿಗೆ ಬೇಕಾದಷ್ಟು ಮಾತ್ರ" ಅಂದರು. ಮೊದಲು ಬೇಜಾರಾಯಿತು. ಆಮೇಲೆ ಸರಿ ಅನ್ನಿಸಿತು.

ಒಪ್ಪಿಗೆ ಪತ್ರದಲ್ಲಿ ಎರಡು ಸಾಲು ಸೇರಿಸಿದ್ದೇನೆ. ಹಳಬರಿಗೆಲ್ಲ ಬಾಯಿಬಿಟ್ಟು ಹೇಳಿದೆ. ಇಬ್ಬರು ಬೇಡ ಅಂದರು. ಅವರ ಕೇಸ್ ಒಯ್ಯುವುದಿಲ್ಲ. "ಹೆಸರು ಬೇಡ" ಅವರೇ, ಅದು ನಿಮ್ಮಿಂದ ಆದದ್ದು.

ಇ.ಸಿ.ಜಿ. ವಿಷಯ ಮನೆಯವರಿಗೂ ಹೇಳಿದೆ. "ನಂಗೆ ಅವತ್ತೇ ಗೊತ್ತಿತ್ತು, ಬಿಲ್ಲು ನಿನ್ನ ಬ್ಯಾಗಲ್ಲೇ ಇತ್ತು" ಅಂದರು.

ಹೆಸರು ಬೇಡ · ರಾತ್ರಿ 10.30

ಓದಿದೆ. ನಾನೂ ನಮ್ಮ ಕೌನ್ಸೆಲರ್ ಹತ್ತಿರ ಕೇಳಿದೆ. ಅವರಿಗೆ ಯಾರೂ ಇಲ್ಲವಂತೆ. ಈ ಚರ್ಚೆಯ ಲಿಂಕ್ ಕಳಿಸಿದ್ದೇನೆ.

ತೋಟದ ಮನೆ (ಮೂಡಿಗೆರೆ) · ರಾತ್ರಿ 10.41

ಎಲ್ಲಾ ಸರಿ ತಾಯಿ. ನಿಮ್ಮ ಸೂಪರ್‌ವೈಸರ್ ಹತ್ತಿರ ಕೊಡೆ ಇದೆಯಾ?

ಮಳೆಬಿಲ್ಲು · ರಾತ್ರಿ 10.43

ಮಂಗಳೂರಿನವರು ಅಣ್ಣ. ಎರಡೆರಡು ಇಟ್ಟಿರುತ್ತಾರೆ.